ಧೂಳು ಗೀರಲ್ಲ, ನಾವು ಗೀರ್ತೀವಿ

1/9
ಮೊದಲ ಫೋಟೋ ಜೂಮ್ ಮಾಡಿ ನೋಡಿ. ಕಪ್ಪು ಕಾರಿನ ಬಾನೆಟ್, ಮೇಲೆ ಓರೆ ಬಿಸಿಲು. ಎಡಗಡೆ ಮೂಲೇಲಿ ಅಕ್ಷರ ಕಾಣ್ತದಾ? "ತೊಳಿಯೋ ನನ್ನ." ಇದು ತೊಳೆಯೋಕೆ ಮುಂಚೆ ತೆಗೆದ ಫೋಟೋ ಅಲ್ಲ ಕಣ್ರೋ. ತೊಳೆದು, ಒರೆಸಿ, ಒಣಗಿಸಿ ಆದ್ಮೇಲೆ ತೆಗೆದಿದ್ದು. ಧೂಳು ಹೋಯ್ತು, ಅಕ್ಷರ ಉಳ್ಕೊಂತು.

ನಾನು ಭಾನುವಾರ ಕೊಳ್ಳೇಗಾಲದಲ್ಲಿ ಒಂದು ವಾಟರ್ ಸರ್ವಿಸ್‌ನಲ್ಲಿ ಕೆಲಸ ಮಾಡ್ತೀನಿ. ಗೊತ್ತಿಲ್ದೆ ಇದ್ದೋರಿಗೆ ಈಗ ಗೊತ್ತಾಯ್ತು, ಅದರಲ್ಲಿ ನಾಚಿಕೆ ಏನಿಲ್ಲ. ಹೋದ ಭಾನುವಾರ ಈ ಕಾರು ಬಂತು. ಮೈತುಂಬ ಕೆಂಪು ಧೂಳು, ಧೂಳಿನ ಮೇಲೆ ಈ ಅಕ್ಷರ. ತೊಳೆದು ಬಿಸಿಲಿಗೆ ನಿಲ್ಲಿಸಿದ್ದೇ ತಡ, ಓನರ್ ಶುರು ಮಾಡಿದ್ರು. "ಏನ್ಲಾ ಮಾಡ್ಬುಟ್ಟೆ ನನ್ ಗಾಡಿಯ? ಯಾವ್ ಗೋಣಿಚೀಲ ಆಕಿ ಉಜ್ದೆ?" ಸಾರ್, ಇದು ಮೊದ್ಲೇ ಇತ್ತು ಅಂದೆ. ಕೇಳ್ಲಿಲ್ಲ. ದುಡ್ಡು ಕೊಡದೆ ಹೋದ್ರು. ನನ್ನ ಅವತ್ತಿನ ಕೂಲಿ ಅಲ್ಲಿಗೆ ಮುಗೀತು.

ಕೂಲಿ ಹೋಗಿದ್ದಕ್ಕೆ ಇಷ್ಟುದ್ದ ಬರೀತಿಲ್ಲ. ಆ ಅಕ್ಷರ ಬರೆದಿದ್ದು ನಮ್ಮ ಕ್ಲಾಸಿನವನೇ. ಶುಕ್ರವಾರ ಅವನ ಸ್ಟೋರಿಯಲ್ಲಿ ನೋಡಿದ್ದೆ, ಅದೇ ಬಾನೆಟ್, ಅದೇ ಅಕ್ಷರ, ಪಕ್ಕದಲ್ಲಿ ನಗೋ ಎಮೋಜಿ. ನಾನೂ ನಕ್ಕಿದ್ದೆ. ಲೈಕೂ ಕೊಟ್ಟಿದ್ದೆ.

ಹೆಸರು ಹೇಳಲ್ಲ. ಆದ್ರೆ ಈ ಒಂಬತ್ತು ಪೋಸ್ಟ್ ಪೂರ್ತಿ ಓದಿ. ಧೂಳು ಕೂತ ಕಾರನ್ನ ಬೆರಳಲ್ಲಿ, ಒಣ ಬಟ್ಟೇಲಿ ಮುಟ್ಟೋದು ತಮಾಷೆನೂ ಅಲ್ಲ, ಕ್ಲೀನಿಂಗೂ ಅಲ್ಲ. ಅದು ಗೀರೋ ಕೆಲಸ. ಗೀರೋರು ಒಬ್ರು, ಬೈಸ್ಕೊಳ್ಳೋರು ಇನ್ನೊಬ್ರು.

2/9
"ಧೂಳು ತಾನೇ, ಮೆತ್ತಗಿರ್ತದೆ ಬಿಡು." ಎಲ್ಲ ತಪ್ಪೂ ಶುರುವಾಗೋದು ಈ ಮಾತಿಂದ. ಮೆತ್ತಗಿರೋದು ರಾಗಿ ಹಿಟ್ಟು. ಧೂಳು ಹಿಟ್ಟಲ್ಲ, ಪುಡಿಯಾದ ಕಲ್ಲು.

ಯಳಂದೂರಲ್ಲಿ ನಿಂತು ತಲೆ ಎತ್ತಿದ್ರೆ ಬಿಳಿಗಿರಿರಂಗನ ಬೆಟ್ಟ. ಆ ಬೆಟ್ಟದ ಬಂಡೆಗೆ ಚಾರ್ನೊಕೈಟ್ ಅಂತಾರೆ. ಕೋಲ್ಕತ್ತಾದಲ್ಲಿರೋ ಜಾಬ್ ಚಾರ್ನಾಕ್ ಅನ್ನೋ ಇಂಗ್ಲಿಷ್ ವ್ಯಾಪಾರಿಯ ಸಮಾಧಿಗೆ ಇದೇ ಜಾತಿ ಕಲ್ಲು ಹಾಕಿದ್ರು, ಅವನ ಹೆಸರೇ ಕಲ್ಲಿಗೂ ಬಂತು. ಈ ಕಲ್ಲೊಳಗೆ ಬೆಣಚುಕಲ್ಲು ಇರ್ತದೆ, ಅಂದ್ರೆ ಕ್ವಾರ್ಟ್ಸ್. ಚಿಕ್ಕವರಿದ್ದಾಗ ಕತ್ತಲೇಲಿ ಎರಡು ಬಿಳಿ ಕಲ್ಲು ಉಜ್ಜಿ ಬೆಳಕು ನೋಡ್ತಿದ್ವಲ್ಲ, ಅದೇ ಕಲ್ಲು. ಬಂಡೆ ಸವೆದು ಮಣ್ಣಾದ್ರೂ ಬೆಣಚು ಸುಲಭಕ್ಕೆ ಕರಗಲ್ಲ. ಚಿಕ್ಕದಾಗ್ತಾ ಹೋಗ್ತದೆ, ಅಷ್ಟೇ. ನದಿ ಮರಳಲ್ಲಿ ಹೊಳೆಯೋದೂ ಅದೇ, ರಸ್ತೆ ಧೂಳಲ್ಲಿ ಹಾರೋದೂ ಅದೇ.

1812ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಅನ್ನೋ ಖನಿಜ ವಿಜ್ಞಾನಿ ಒಂದು ಅಳತೆ ಮಾಡಿಟ್ಟ. ಯಾವ ಕಲ್ಲು ಯಾವುದನ್ನ ಗೀರ್ತದೆ ಅನ್ನೋದೇ ಲೆಕ್ಕ. ಬಳಪದಂಥ ಮೆತ್ತನೆ ಕಲ್ಲಿಗೆ 1, ವಜ್ರಕ್ಕೆ 10. ನಮ್ಮ ಉಗುರು 2.5ರ ಆಸುಪಾಸು. ಚಾಕು, ಕಿಟಕಿ ಗಾಜು 5.5ರ ಹತ್ತಿರ. ಬೆಣಚುಕಲ್ಲು 7. ಅಂದ್ರೆ ಬಾನೆಟ್ ಮೇಲೆ ಕೂತಿರೋ ಧೂಳಲ್ಲಿ ನಿಮ್ಮನೆ ಈಳಿಗೆಮಣೆ ಕಬ್ಬಿಣಕ್ಕಿಂತ ಗಟ್ಟಿ ಕಣ ಇದಾವೆ.

ಅದರ ಮೇಲೆ ಟಿಪ್ಪರ್‌ನಿಂದ ಸುರಿಯೋ ಎಂ-ಸ್ಯಾಂಡ್, ಜಲ್ಲಿ ಪುಡಿ. ಹನೂರು ರಸ್ತೇಲಿ ಹುರುಳಿ ಒಕ್ಕಣೆ ಟೈಮಲ್ಲಿ ಹಾರೋ ಹೊಟ್ಟು. ಎಲ್ಲಾ ಸೇರಿ ಕಾರಿನ ಮೇಲೆ ಒಂದು ಪದರ.

ಆ ಪದರ ಸುಮ್ನೆ ಕೂತಿದ್ರೆ ಗೀರಲ್ಲ. ಒತ್ತಿ ಎಳೆದಾಗ ಮಾತ್ರ ಗೀರ್ತದೆ. ಎಳೆಯೋದು ಯಾರು?

3/9
ಈಗ ಪೇಂಟ್ ವಿಚಾರ. ಜೆರಾಕ್ಸ್ ಅಂಗಡಿಯ ಒಂದು ಬಿಳಿ ಹಾಳೆ ಕೈಲಿ ಹಿಡ್ಕೊಳ್ಳಿ. ಅದರ ದಪ್ಪ ಸುಮಾರು 100 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ. ಕಂಪನಿಯಿಂದ ಬಂದ ಕಾರಿನ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು, ಒಂದೂವರೆ ಹಾಳೆ. ತಗಡಿನ ಮೇಲೆ ತುಕ್ಕು ತಡೆಯೋ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಅನ್ನೋ ಬಣ್ಣವಿಲ್ಲದ ಪದರ. ಹೊಳಪು ಕೊಡೋದು, ಬಿಸಿಲಿಂದ ಬಣ್ಣ ಕಾಪಾಡೋದು ಈ ಪದರ. ಅದು 40–50 ಮೈಕ್ರಾನ್ ಅಷ್ಟೇ. ಅರ್ಧ ಹಾಳೆ!

ಅರ್ಧ ಹಾಳೆ ದಪ್ಪದ ಪ್ಲಾಸ್ಟಿಕ್‌ನಂಥ ಪದರದ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ, ಬೆರಳಲ್ಲಿ ಒತ್ತಿ "ಐ ಲವ್ ಯು" ಬರೆದ್ರೆ ಏನಾಗ್ತದೆ? ನಿಮ್ಮ ಬೆರಳು ಮೆತ್ತಗಿರಬಹುದು. ಬೆರಳ ಕೆಳಗಿರೋದು ಉಪ್ಪುಕಾಗದ.

ಎರಡನೇ ಫೋಟೋ ನೋಡಿ. ಅದೇ ಬಾನೆಟ್, ಬೇರೆ ಜಾಗ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಕಾಣ್ತದಲ್ಲ? "ರೌಂಡ್ ರೌಂಡ್ ಒರೆಸಿದ್ದಕ್ಕೆ ಹಿಂಗಾಗದೆ" ಅಂತ ಎಲ್ರೂ ಹೇಳ್ತಾರೆ. ಪೂರ್ತಿ ನಿಜ ಅಲ್ಲ. ಎಲ್ಲಾ ದಿಕ್ಕಿಗೂ ಸಾವಿರಾರು ಸಣ್ಣ ಗೀರು ಇರ್ತವೆ. ಬೆಳಕಿಗೆ ಅಡ್ಡವಾಗಿರೋವಷ್ಟೇ ಮಿಂಚೋದ್ರಿಂದ ನಮ್ಮ ಕಣ್ಣಿಗೆ ವೃತ್ತದ ಥರ ಕಾಣ್ತವೆ. ನೇರವಾಗಿ ಒರೆಸಿದ್ರೂ ಧೂಳಿತ್ತು ಅಂದ್ರೆ ಗೀರು ಗ್ಯಾರಂಟಿ.

"ನಮ್ದು ಬಿಳಿ ಕಾರು, ಏನೂ ಆಗಿಲ್ಲ." ಆಗಿದೆ ಸ್ವಾಮಿ. ಬಿಳಿ ಬಣ್ಣ ಗೀರನ್ನ ಮುಚ್ಚಿಡ್ತದೆ, ಕಪ್ಪು ಹೇಳ್ಬಿಡ್ತದೆ. ವ್ಯತ್ಯಾಸ ಅಷ್ಟೇ.

ರೇಷ್ಮೆಗೆ ಹೆಸರಾದ ಊರು ಕೊಳ್ಳೇಗಾಲ. ಜರಿ ಸೀರೆ ಮೇಲೆ ಮಣ್ಣು ಬಿದ್ರೆ ನಿಮ್ಮಜ್ಜಿ ಬಟ್ಟೆ ತಗೊಂಡು ಉಜ್ತಾರಾ? ಮೊದಲು ಕೊಡವ್ತಾರೆ. ಲಕ್ಷಗಟ್ಟಲೆ ಸಾಲ ಮಾಡಿ ತಂದ ಗಾಡಿಗೆ ಅಷ್ಟು ಮರ್ಯಾದೆನೂ ಬೇಡ್ವಾ?

4/9
ಬೆರಳಾಡಿಸೋ ಹುಡುಗ್ರನ್ನ ಮಾತ್ರ ಬೈದ್ರೆ ಅನ್ಯಾಯ. ದೊಡ್ಡೋರ ಲಿಸ್ಟೂ ಇದೆ.

ಒಂದು, ಡಿಕ್ಕಿಯೊಳಗಿನ ಹಳೇ ಬನಿಯನ್. ಬೆಳಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಕಾರು ಉಜ್ಜೋರು ಪ್ರತಿ ಬೀದಿಯಲ್ಲೂ ಇದಾರೆ. ನೀರಿಲ್ಲ, ಕೊಡವೋದಿಲ್ಲ, ನಿನ್ನೆ ಧೂಳು ಬನಿಯನ್‌ನಲ್ಲೇ ಇದೆ. ವರ್ಷಕ್ಕೆ 365 ಸಲ. ಇದನ್ನ "ಮೇಂಟೇನ್ ಮಾಡೋದು" ಅಂತ ಬೇರೆ ಕರೀತಾರೆ.

ಎರಡು, ಉದ್ದನೆ ದಾರದ ಡಸ್ಟರ್. ಹಗುರಾಗಿ ಆಡಿಸಿದ್ರೆ ತೊಂದ್ರೆ ಇಲ್ಲ ಅಂತಾರೆ. ಶೋರೂಮೊಳಗೆ ನಿಂತ ಕಾರಿಗೆ ಸರಿ. ನಮ್ಮ ರಸ್ತೆ ಧೂಳಿಗಲ್ಲ.

ಮೂರು, ಒಣ ಗಾಜಿನ ಮೇಲೆ ವೈಪರ್. ಮೋಸ್ ಲೆಕ್ಕ ನೆನಪಿದ್ಯಾ? ಗಾಜು 5.5, ಬೆಣಚು 7. ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್ ಹಾಕಿ. ರಾತ್ರಿ ಎದುರಿಂದ ಲೈಟ್ ಬಿದ್ದಾಗ ಗಾಜಿನ ತುಂಬ ಕಮಾನು ಕಮಾನು ಗೆರೆ ಮಿಂಚಿ ರಸ್ತೆನೇ ಕಾಣಲ್ಲ. ಇದು ಅಂದದ ವಿಷಯ ಅಲ್ಲ, ಪ್ರಾಣದ ವಿಷಯ.

ನಾಲ್ಕು, ಧೂಳಿನ ಮೇಲೇ ಕವರ್ ಹೊದಿಸೋದು. ಗಾಳಿಗೆ ಕವರ್ ಆಡಿದಷ್ಟೂ ಒಳಗೆ ಉಜ್ತಾನೇ ಇರ್ತದೆ.

ಐದು, ವಿಭೂತಿ, ಕುಂಕುಮ. ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದು ಬಾನೆಟ್ ಮೇಲೆ ಮೂರು ಪಟ್ಟೆ ಬಳ್ಕೊಂಡು ಬರ್ತೀವಿ. ಬಳಿಯೋದು ತಪ್ಪು ಅಂತಿಲ್ಲ, ನಮ್ಮನೇಲೂ ಬಳೀತಾರೆ. ಒದ್ದೆ ಮಾಡಿ ಬಳೀರಿ, ಒದ್ದೆ ಮಾಡಿ ತೆಗೀರಿ. ಘಾಟಿ ಧೂಳಿನ ಮೇಲೆ ಬಳಿದು ವಾರ ಆದ್ಮೇಲೆ ಒಣಗಿದ್ದನ್ನ ಕೆರೆಯೋದು ಯಾವ ಭಕ್ತಿ?

ಆರು, ನಾವೇ. ಭರಚುಕ್ಕಿ ಹತ್ರ, ಗುಂಡಾಲ್ ಡ್ಯಾಂ ಹತ್ರ, ಯಾರದೋ ಬಾನೆಟ್ ಮೇಲೆ ಹತ್ತಿ ಕೂತು ರೀಲ್ಸ್. ಜೀನ್ಸ್ ಗುಂಡಿ, ಬ್ಯಾಗಿನ ಜಿಪ್, ಕೆಳಗೆ ಧೂಳು. ಕೂತಿದ್ದು ಇಪ್ಪತ್ತು ಸೆಕೆಂಡ್. ಗುರುತು ಉಳಿಯೋದು ಆ ಕಾರು ಇರೋವರೆಗೆ.

5/9
ಈ ಪೋಸ್ಟ್ ಬರೆಯೋಕೆ ನನಗೇ ಕಷ್ಟ ಆಯ್ತು.

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನನಗೂ ಏನೂ ಗೊತ್ತಿರ್ಲಿಲ್ಲ. ಚಕ್ರ ಒರೆಸಿದ ಬಟ್ಟೇಲೇ ಬಾನೆಟ್ ಒರೆಸ್ತಿದ್ದೆ. ಕೆಳಗೆ ಬಿದ್ದ ಸ್ಪಾಂಜ್ ಎತ್ಕೊಂಡು, ಒಂದ್ಸಲ ಹಿಂಡಿ, ಮತ್ತೆ ಅದೇ. ಅಮಾವಾಸ್ಯೆ ಮಾರನೇ ದಿನ ಬೆಟ್ಟದಿಂದ ವಾಪಸ್ ಬರೋ ಗಾಡಿ ಸಾಲಾಗಿ ನಿಂತಿರ್ತವೆ. "ಬೇಗ ಬೇಗ" ಅನ್ನೋದು ಬಿಟ್ರೆ ಯಾರೂ ಏನೂ ಹೇಳ್ಕೊಡ್ಲಿಲ್ಲ.

ಒಬ್ರು ಟ್ಯಾಕ್ಸಿ ಅಣ್ಣ ವಾರಾ ವಾರಾ ಬರೋರು. ಟೀ ಕುಡಿಸೋರು. ಅವರ ಗಾಡಿ ಮಾರೋಕೆ ಬಂದಾಗ ನಾನು ಅಲ್ಲೇ ಇದ್ದೆ. ಬ್ರೋಕರ್ ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ತೋರಿಸ್ದ. ಟಾರ್ಚ್ ಸುತ್ತ ಅದೇ ಜೇಡರ ಬಲೆ. "ಗಾಡಿ ನೋಡ್ಕೊಂಡಿಲ್ಲ ಅಣ್ಣ ನೀವು" ಅಂದು ರೇಟ್ ಇಳಿಸ್ದ. ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿ, ದೇವರಂಗೆ ಇಟ್ಕೊಂಡಿದ್ದ ಗಾಡಿ. ಮಗಳ ಕಾಲೇಜ್ ಫೀಸಿಗೆ ಮಾರ್ತಿದ್ರು.

ಆ ಬಲೆ ಹೆಣೆದಿದ್ದು ನನ್ನ ಕೈ. ಅವರಿಗೂ ಗೊತ್ತಾಯ್ತು ಅನ್ಸುತ್ತೆ. ನನ್ನ ಮುಖ ನೋಡಿ, "ಬುಡು ಮಗ, ನೀನೇನ್ ಬೇಕಂತ್ಲೇ ಮಾಡ್ದಾ" ಅಂದ್ರು.

ಅವತ್ತು ಬೈದಿದ್ರೆ ಮರ್ತೋಗ್ತಿತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, "ಕ್ಲೀನರ್ ಹುಡುಗ ಯಾವತ್ತೂ ತಪ್ಪೇ ಮಾಡಲ್ಲ" ಅಂತ ನಾನು ವಾದ ಮಾಡ್ತಿಲ್ಲ. ಮಾಡ್ತೀವಿ. ಹತ್ತು ನಿಮಿಷದಲ್ಲಿ ಗಾಡಿ ಬೇಕು, ಎಲ್ಲಕ್ಕಿಂತ ಕಮ್ಮಿ ರೇಟಲ್ಲಿ ಬೇಕು, ಒಂದೇ ಬಕೆಟ್, ಒಂದೇ ಬಟ್ಟೆ ಸಾಕು ಅಂದ್ರೆ ಗೀರು ಫ್ರೀ ಬರ್ತದೆ. ಆಮೇಲೆ ಸಿಗೋದು ಯಾರು? ಕೈ ಒದ್ದೆ ಮಾಡ್ಕೊಂಡು ಎದುರಿಗೆ ನಿಂತಿರೋ ಹುಡುಗ. ಆರು ತಿಂಗಳು ಬನಿಯನ್‌ನಲ್ಲಿ ಉಜ್ಜಿದ ಓನರ್ ಅಲ್ಲ, ಬೆರಳಲ್ಲಿ ಬರೆದವನೂ ಅಲ್ಲ.

6/9
ಬೈದಿದ್ದು ಸಾಕು, ಈಗ ಮಾಡೋ ರೀತಿ. ಇದನ್ನ ಸೇವ್ ಮಾಡ್ಕೊಳ್ಳಿ.

ನೆರಳಲ್ಲಿ ನಿಲ್ಸಿ. ಬಾನೆಟ್ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ಬಿಸಿ ಇದ್ರೆ ಆರೋವರೆಗೂ ಕಾಯಿರಿ. ಬಿಸಿ ತಗಡಿನ ಮೇಲೆ ಸೋಪು ನೀರು ಆಗಲೇ ಒಣಗಿ ಕಲೆ ಕೂರ್ತದೆ. ಬೋರ್‌ವೆಲ್ ಗಡಸು ನೀರಾದ್ರಂತೂ ಬಿಳಿ ಚುಕ್ಕಿ ಗ್ಯಾರಂಟಿ.

ಮೊದಲು ಬರೀ ನೀರು. ಮೇಲಿಂದ ಕೆಳಕ್ಕೆ: ಟಾಪ್, ಗಾಜು, ಬಾನೆಟ್, ಡೋರು. ಈ ಹಂತದಲ್ಲಿ ಕೈನೂ ಬೇಡ, ಬಟ್ಟೆನೂ ಬೇಡ. ಧೂಳನ್ನ ನೀರೇ ಹೊತ್ಕೊಂಡು ಹೋಗ್ಲಿ. ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಪ್ರೆಶರ್ ಗನ್ ಇದ್ರೆ ಎರಡು ಅಡಿ ದೂರ ಇರ್ಲಿ. ಪೇಂಟ್ ಎದ್ದಿರೋ ಅಂಚಿಗೆ ಹತ್ತಿರದಿಂದ ಹೊಡೆದ್ರೆ ಇನ್ನಷ್ಟು ಏಳ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಶಾಂಪೂಲಿ ಅದ್ದಿ, ಒತ್ತದೆ, ಉದ್ದುದ್ದಕ್ಕೆ ಎಳೀರಿ. ಒಂದು ಡೋರ್ ಆಯ್ತಾ? ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ. ಮುಗಿದ್ಮೇಲೆ ಆ ಬಕೆಟ್ ತಳದಲ್ಲಿ ಎಷ್ಟು ಮರಳು ಕೂತಿದೆ ನೋಡಿ. ಅಷ್ಟೂ ನಿಮ್ಮ ಪೇಂಟ್ ಮೇಲೆ ಉಜ್ಜಬೇಕಾಗಿದ್ದ ಮರಳು.

ಚಕ್ರ, ಬಂಪರ್ ಕೆಳಭಾಗ ಕೊನೆಗೆ, ಬೇರೆ ಬಟ್ಟೇಲಿ. ಆ ಬಟ್ಟೆ ಮತ್ತೆ ಮೇಲಕ್ಕೆ ಹತ್ತಬಾರ್ದು. ನೆಲಕ್ಕೆ ಬಿದ್ದ ಬಟ್ಟೆ ಅವತ್ತಿಗೆ ರಿಟೈರ್. ಯಾವ ವಾದನೂ ಬೇಡ.

ಕೊನೆಗೆ ಮತ್ತೆ ಮೇಲಿಂದ ನೀರು, ತಾನಾಗೇ ಒಣಗೋಕೆ ಮುಂಚೆ ಮೈಕ್ರೋಫೈಬರ್ ಬಟ್ಟೆ. ಉಜ್ಜಬೇಡಿ, ಹರಡಿ ಇಟ್ಟು ಎತ್ತಿ, ನೀರು ಅದೇ ಹೀರ್ತದೆ. ಆ ಬಟ್ಟೆನ ಮನೆ ಟವಲ್ ಜೊತೆ ಒಗೀಬೇಡಿ, ನೂಲು ಅಂಟ್ಕೊಳ್ತದೆ.

7/9
"ಇಷ್ಟೆಲ್ಲಾ ನೀರು ಎಲ್ಲಿಂದ ತರೋದು ಗುರು? ಹನೂರು ಕಡೆ ಬೇಸಿಗೇಲಿ ಕುಡಿಯೋಕೇ ಟ್ಯಾಂಕರ್ ಕಾಯ್ತೀವಿ." ಹನೂರಿನ ಗೆಳತಿ ಕೇಳಿದ್ದು. ನ್ಯಾಯವಾದ ಪ್ರಶ್ನೆ.

2024ರ ಮಾರ್ಚಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಅಲ್ಲಿನ ಜಲಮಂಡಳಿ, ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ಆ ಊರಿಗೆ ಕಾವೇರಿ ಹೋಗೋದು ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಕಾವೇರಿ ಪಕ್ಕದಲ್ಲೇ ಹರಿದ್ರೂ ನಮ್ಮ ಎಷ್ಟೋ ಹಳ್ಳೀಲಿ ಕೊಡ ಹಿಡ್ಕೊಂಡು ನಿಲ್ತೀವಿ. ಅಂಥ ಜಾಗದಲ್ಲಿ ಅರ್ಧ ಗಂಟೆ ಪೈಪ್ ಬಿಟ್ಟು ಕಾರು ತೊಳಿ ಅಂತ ನಾನು ಹೇಳಲ್ಲ.

ನೀರು ಕಮ್ಮಿ ಇದ್ರೆ ಪೈಪ್ ಬಿಡಿ, ಚೊಂಬು ಹಿಡೀರಿ. ಮೇಲಿಂದ ನಿಧಾನ ಹುಯ್ದು ಧೂಳು ಇಳಿಸಿ. ಇಲ್ಲಾಂದ್ರೆ ಗಿಡಕ್ಕೆ ಹೊಡೆಯೋ ಕೈಪಂಪ್ ಸ್ಪ್ರೇಯರ್, ಔಷಧಿ ಹಾಕದ ಹೊಸದು. ಮೂರ್ನಾಲ್ಕು ಬಕೆಟ್‌ನಲ್ಲಿ ಚಿಕ್ಕ ಕಾರು ಆಗ್ತದೆ. ನಾನೇ ಮಾಡಿದ್ದೀನಿ.

ತೆಳ್ಳಗೆ ಧೂಳು ಕೂತಿದ್ರೆ, ಮೈಕ್ರೋಫೈಬರ್ ಬಟ್ಟೆ ನಾಲ್ಕು ಮಡಿಕೆ ಮಾಡಿ. ಮಡಚಿ ಬಿಚ್ಚಿ ಲೆಕ್ಕ ಹಾಕಿದ್ರೆ ಎಂಟು ಮುಖ ಸಿಗ್ತವೆ. ಬಾಡಿನ ಚೆನ್ನಾಗಿ ಒದ್ದೆ ಮಾಡಿ, ಒಂದು ಮುಖಕ್ಕೆ ಒಂದೇ ಎಳೆತ. ಕೊಳೆಯಾದ ಮುಖ ಮತ್ತೆ ಪೇಂಟಿಗೆ ತಾಗಬಾರ್ದು.

ಅಷ್ಟು ನೀರೂ ಇಲ್ವಾ? ಹಾಗಾದ್ರೆ ಧೂಳು ಹಾಗೇ ಇರ್ಲಿ ಬಿಡಿ! ಗಾಜು, ಕನ್ನಡಿ, ಲೈಟು, ನಂಬರ್ ಪ್ಲೇಟ್ ಮಾತ್ರ ಒದ್ದೆ ಬಟ್ಟೇಲಿ ಒರೆಸ್ಕೊಂಡು ಓಡ್ಸಿ. ಹಕ್ಕಿ ಹಿಕ್ಕೆ ಬಿದ್ರೆ ಮಾತ್ರ ಕಾಯಬೇಡಿ, ಅದು ಪೇಂಟ್ ತಿನ್ತದೆ. ಒದ್ದೆ ಬಟ್ಟೆ ಐದು ನಿಮಿಷ ಅದರ ಮೇಲೆ ಇಟ್ಟು, ನೆನೆದ ಮೇಲೆ ಎತ್ತಿ ತೆಗೀರಿ.

"ಕಾರು ಓಡಿಸೋಕೆ, ನೋಡೋಕಲ್ಲ" ಅನ್ನೋರಿಗೂ ಇದೇ ಉತ್ತರ. ಒಪ್ದೆ. ನೋಡೋಕಲ್ಲ ಅಂದ್ಮೇಲೆ ಬೆಳಬೆಳಗ್ಗೆ ಒಣ ಬಟ್ಟೆ ಯಾಕೆ ಹಿಡೀತೀರಿ?

8/9
"ಗೀರಾದ್ರೆ ಆಯ್ತು, ಪಾಲಿಶ್ ಹೊಡ್ಸಿದ್ರೆ ಹೋಯ್ತದೆ." ಎಲ್ರ ಕೊನೇ ಅಸ್ತ್ರ ಇದು.

ಪಾಲಿಶ್, ರಬ್ಬಿಂಗ್ ಅಂದ್ರೆ ಗೀರನ್ನ ತುಂಬೋದಲ್ಲ. ಗೀರಿನ ಸುತ್ತ ಇರೋ ಕ್ಲಿಯರ್ ಕೋಟನ್ನೇ ಸವೆಸಿ ಗೀರಿನ ಮಟ್ಟಕ್ಕೆ ತರೋದು. ಅರ್ಧ ಹಾಳೆ ಇತ್ತಲ್ಲ, ಅದರಲ್ಲೇ ಕಡಿಮೆ ಆಗೋದು. ಒಂದೆರಡು ಸಲ ಸರಿ. ಪ್ರತಿ ಆಯುಧಪೂಜೆಗೂ ರಬ್ಬಿಂಗ್ ಮಾಡಿಸ್ತಾ ಹೋದ್ರೆ ಒಂದಿನ ಟಾಪ್ ಮೇಲೆ ಬಿಳಿಚಿಕೊಂಡ ತೇಪೆ ಕಾಣ್ತದೆ. ಹಳೇ ಕಾರುಗಳಲ್ಲಿ ನೋಡಿದ್ದೀರಲ್ಲ, ಚರ್ಮ ಸುಲಿದಂಗೆ. ಅಲ್ಲಿ ಕ್ಲಿಯರ್ ಕೋಟ್ ಮುಗಿದಿದೆ. ಅದಕ್ಕೆ ಪಾಲಿಶ್ ಇಲ್ಲ, ಪೇಂಟೇ ಗತಿ. ಬರೀ ವ್ಯಾಕ್ಸ್ ಹಚ್ಚಿದ್ರೆ ಗೀರು ಸ್ವಲ್ಪ ದಿನ ಮುಚ್ಕೊಳ್ತದೆ, ಎರಡು ತೊಳೆತಕ್ಕೆ ವಾಪಸ್.

ಉಗುರಿನ ಪರೀಕ್ಷೆ ಕಲ್ತ್ಕೊಳ್ಳಿ. ತೊಳೆದ ಮೇಲೆ ಗೀರಿಗೆ ಅಡ್ಡ ಉಗುರು ಆಡಿಸಿ. ಉಗುರು ಸಿಕ್ಕಿಹಾಕ್ಕೊಂಡ್ರೆ ಆಳಕ್ಕೆ ಇಳಿದಿದೆ, ಪಾಲಿಶಲ್ಲಿ ಪೂರ್ತಿ ಹೋಗಲ್ಲ. ಸಿಕ್ಕದಿದ್ರೆ ಆಸೆ ಇದೆ.

ಇನ್ನು ರೀಲ್ಸ್ ಪಂಡಿತರು. ಟೂತ್‌ಪೇಸ್ಟ್ ಹಚ್ಚಿ ಗೀರು ಮಾಯ! ಟೂತ್‌ಪೇಸ್ಟಲ್ಲಿ ಇರೋದೂ ಉಜ್ಜೋ ಪುಡಿಯೇ. ಒಂದು ಗೀರು ಮಸುಕಾಗಿಸೋಕೆ ಸುತ್ತಲ ಹೊಳಪು ತೆಗೀತದೆ. ಡೀಸೆಲ್ ಬಟ್ಟೇಲಿ ಒರೆಸಿದ್ರೆ ಮಿಂಚ್ತದೆ! ಮಿಂಚೋದು ಎಣ್ಣೆ. ಊರಾಚೆ ಹೋಗೋಷ್ಟ್ರಲ್ಲಿ ಆ ಜಿಡ್ಡಿಗೆ ದುಪ್ಪಟ್ಟು ಧೂಳು ಅಂಟಿರ್ತದೆ. ಬಟ್ಟೆ ಸೋಪಿನ ಪುಡಿ ಹಾಕಿ ತೊಳಿ, ಚೀಪ್ ಆಗ್ತದೆ! ಪೇಂಟ್ ಮೇಲಿನ ವ್ಯಾಕ್ಸ್ ಅಷ್ಟನ್ನೂ ಕಿತ್ಕೊಂಡು ಹೋಗ್ತದೆ.

ಮೂವತ್ತು ಸೆಕೆಂಡ್ ವಿಡಿಯೋದಲ್ಲಿ ಮೊದಲು ನೀರು ಹುಯ್ಯೋದನ್ನ ಯಾರೂ ತೋರಿಸಲ್ಲ. ನೀರು ಹುಯ್ಯೋದು ನೋಡೋಕೆ ಬೋರು. ಪೇಂಟ್ ಉಳಿಯೋದು ಆ ಬೋರಿಂದಲೇ.

9/9
ಕೊನೇ ಫೋಟೋ ನನ್ನ ಫೋನ್ ಗ್ಯಾಲರಿ. ಈಗ ಯಾವುದೇ ಗಾಡಿ ಬಂದ್ರೂ ಮೊದಲು ಬರೀ ನೀರು ಬಿಟ್ಟು, ಕೈ ಹಚ್ಚೋಕೆ ಮುಂಚೆ ಟಾರ್ಚ್ ಹಾಕಿ ಓನರ್ ಎದುರಿಗೇ ನಾಲ್ಕು ಫೋಟೋ ತೆಗೀತೀನಿ. ಒಬ್ರು ಸಿಡುಕಿದ್ರು, "ನನ್ ಮೇಲೇ ಅನುಮಾನವಾ?" ಅಂತ. ಇಲ್ಲ ಸಾರ್, ನನ್ನ ಮೇಲೆ ನಿಮಗೆ ಬರಬಾರ್ದು ಅಂತ, ಅಂದೆ. ವಾಟರ್ ಸರ್ವಿಸಲ್ಲಿ ಕೆಲಸ ಮಾಡೋ ನನ್ನಂಥೋರು ಇದನ್ನ ಇವತ್ತಿಂದಲೇ ಶುರು ಮಾಡಿ.

ಕಾರಿರೋ ಮನೆಯವರು ಎರಡೇ ಕೆಲಸ ಮಾಡಿ. ಡಿಕ್ಕಿಯಲ್ಲಿರೋ ಒಣ ಬನಿಯನ್ ಇವತ್ತೇ ಎಸೀರಿ. ತೊಳೆಯೋ ಹುಡುಗನಿಗೆ ಇನ್ನೊಂದು ಬಕೆಟ್, ಇನ್ನೊಂದು ಬಟ್ಟೆ, ಇನ್ನು ಹದಿನೈದು ನಿಮಿಷ ಕೊಡಿ. ಅವನಿಗೂ ಕೆಲಸ ಬರ್ತದೆ. ಅದನ್ನ ಮಾಡೋಕೆ ನೀವು ಬಿಡಬೇಕು, ಅಷ್ಟೇ.

ಕ್ಲಾಸಿನವರಿಗೆ: ಧೂಳು ಕೂತ ಗಾಡಿ ಕಂಡ್ರೆ ಕೈ ಜೇಬಲ್ಲಿರ್ಲಿ. ಬರೆಯೋ ಆಸೆ ಇದ್ರೆ ಡೆಸ್ಕ್ ಇದೆ... ಬೇಡ, ಅದೂ ಬೇಡ.

ಬರೆದವನೇ, ನೀನು ಇದನ್ನ ಓದ್ತಿದ್ದೀಯ ಅಂತ ಗೊತ್ತು. ಸ್ಟೋರಿ ಡಿಲೀಟ್ ಮಾಡಿದ್ದೂ ನೋಡಿದೆ. ನಿನ್ನ ಮೇಲೆ ಕೋಪ ಇಲ್ಲ, ಲೈಕ್ ಕೊಟ್ಟವನು ನಾನೇ. ನನ್ನ ಕೂಲಿನೂ ನೀನು ಕೊಡಬೇಡ. ಆ ಕಾರು ಸಂಜೆ ಎಲ್ಲಿ ನಿಲ್ತದೆ ಅಂತ ನಿನಗೂ ಗೊತ್ತು. ಅವರ ಹತ್ರ ಹೋಗಿ, "ಆ ಅಕ್ಷರ ನಂದು ಸಾರ್, ತೊಳೆದ ಹುಡುಗಂದಲ್ಲ" ಅಂತ ಒಂದು ಮಾತು ಹೇಳ್ಬಿಡು. ಒಬ್ಬನೇ ಹೋಗೋಕೆ ಭಯ ಆದ್ರೆ ಹೇಳು, ಜೊತೇಲಿ ಬರ್ತೀನಿ.

#ಒಣಬಟ್ಟೆಬೇಡ #ಮೊದಲುನೀರು #ವಾಟರ್‌ಸರ್ವಿಸ್ #ಕೊಳ್ಳೇಗಾಲ #ಹನೂರು #ಯಳಂದೂರು